ಸರ್ವೋತ್ತಮ ಬಡವನಾಗಲು ಹೊರಟದ್ದು

ಸರ್ವೋತ್ತಮ ಆ ಬೆಳಿಗ್ಗೆ ಫೋನನ್ನು ಸ್ಪೀಕರಿಗೆ ಹಾಕದಿದ್ದರೆ ಅವನ ಪಾಡಿಗೆ ಅವನು ಮಿಕ್ಸಿ ರಿಪೇರಿ ಮಾಡಿಕೊಂಡು ಇರುತ್ತಿದ್ದ. ಎರಡೂ ಕೈಗೆ ಗ್ರೀಸು ಮೆತ್ತಿತ್ತು, ಹಾಕಿದ. ಕುದ್ರೋಳಿಯ ಆ ಓಣಿಯಲ್ಲಿ ಫೋನನ್ನು ಸ್ಪೀಕರಿಗೆ ಹಾಕುವುದೂ ಡಂಗುರ ಹೊಡೆಸುವುದೂ ಒಂದೇ.

"ಸಂಜೆ ಸರ್ವೆಗೆ ಬರ್ತೇನೆ ಸರ್," ಎಂದಳು ಅಕ್ಷಿತಾ ಎಂಬ ಹುಡುಗಿ. "ದುಡಿಯುವ ಪ್ರಾಯದ ಅಂಗವಿಕಲರಲ್ಲಿ ಬಡವರು ಎಷ್ಟು ಅಂತ ನೋಡ್ಲಿಕ್ಕುಂಟು. ಬಡವರು ಅಂತ ಬಂದ್ರೆ ಮೋಟಾರಿನ ಮೂರು ಚಕ್ರದ ಸ್ಕೂಟರ್ ಸಿಗ್ತದೆ."

ಸ್ಕೂಟರ್! ಸರ್ವೋತ್ತಮನ ಎಡಗಾಲು ಪೋಲಿಯೋಕ್ಕೆ ಹೋದದ್ದು ಮಗುವಾಗಿದ್ದಾಗ. ಆದರೆ ನಲ್ವತ್ತು ದಾಟಿದ ಅವನಿಗೆ ಕಾಲಿಗಿಂತ ಹೆಚ್ಚು ಕಾಟ ಕೊಡುತ್ತಿದ್ದದ್ದು ಸಿಟಿ ಬಸ್ಸಿನ ಮೆಟ್ಟಿಲು. ಅವನು ಊರುಗೋಲು ಎತ್ತಿ ಅದರ ಮೇಲೆ ಇಡುವಷ್ಟರಲ್ಲಿ ಕಂಡಕ್ಟರ್ "ರೈಟ್" ಅಂದಾಗಿರುತ್ತಿತ್ತು. ಹಾಗಾಗಿ ಕೆಟ್ಟ ಮಿಕ್ಸಿ ತರಲಿಕ್ಕೂ ಆಟೋ, ಸರಿಯಾದದ್ದನ್ನು ಮುಟ್ಟಿಸಲಿಕ್ಕೂ ಆಟೋ. ದುಡಿದದ್ದರಲ್ಲಿ ಅರ್ಧ ಆಟೋದ ಹೊಟ್ಟೆಗೆ.

ಫೋನು ಇಡುವ ಮೊದಲೇ ಕಂಪೌಂಡಿನ ಮೇಲಿಂದ ಪಕ್ಕದ ಮನೆಯ ಚೆನ್ನಪ್ಪಣ್ಣನ ತಲೆ ಎದ್ದಿತು. ಬಂದರಿನ ಗೋದಾಮಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ರಿಟೈರ್ ಆದ ಅವರಿಗೆ ಈಗ ಓಣಿಯವರ ಉದ್ಧಾರವೇ ಉದ್ಯೋಗ.

"ಎಂತ ಮಾರಾಯ, ಹೀಗೇ ಕೂತದ್ದಾ? ಮನೆ ತುಂಬ ಮಿಕ್ಸಿ, ಗ್ರೈಂಡರ್! ಅವಳು ನೋಡಿದ್ರೆ ಇನ್‌ಕಮ್ ಟ್ಯಾಕ್ಸಿನವರನ್ನು ಕಳಿಸಿಯಾಳು."

"ಇದೆಲ್ಲ ಗಿರಾಕಿಗಳದ್ದು ಚೆನ್ನಪ್ಪಣ್ಣ."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಅವಳಿಗೆ ಗೊತ್ತುಂಟಾ?"

ಅಷ್ಟರಲ್ಲಿ ಆಟೋ ಕಬೀರನೂ ಎದುರು ಮನೆಯ ಸ್ವರ್ಣಲತಕ್ಕನೂ ಬಂದಾಗಿತ್ತು. ಸರ್ವೋತ್ತಮ ಬಾಯಿ ತೆರೆಯುವುದರೊಳಗೆ ಮಿಕ್ಸಿಗಳು ಮದುಮಕ್ಕಳ ದಿಬ್ಬಣದ ಹಾಗೆ ಸಾಲಾಗಿ ಹೊರಟವು. ಗ್ರೈಂಡರ್ ಚೆನ್ನಪ್ಪಣ್ಣನ ಚಾವಡಿಗೆ, ಮಿಕ್ಸಿಗಳಲ್ಲಿ ಕೆಲವು ಸ್ವರ್ಣಲತಕ್ಕನ ಅಡಿಗೆಮನೆಗೆ, ಉಳಿದವು ಕಬೀರನ ಆಟೋದಲ್ಲಿ ಓಣಿಯ ಆಚೆ ತುದಿಯಲ್ಲಿದ್ದ ಅವನ ಮನೆಗೆ. ಮಂಚ ಹೋಯಿತು, ಫ್ಯಾನು ಹೋಯಿತು, ಸ್ಕ್ರೂಡ್ರೈವರಿನ ಪೆಟ್ಟಿಗೆಯೂ ಹೋಯಿತು.

ಸ್ವರ್ಣಲತಕ್ಕ ಮೂಗರಳಿಸಿ ಒಲೆಯ ಹತ್ತಿರ ನಿಂತರು. "ಇದು ಎಂತ ಮೀನು, ಅಂಜಲಾ?"

"ಬಂಗುಡೆ ಅಕ್ಕ."

"ಬಂಗುಡೆಗೂ ಈಗ ಸಣ್ಣ ರೇಟಲ್ಲ. ಬಡವನ ಮನೆಯಲ್ಲಿ ಇಂಥ ಪರಿಮಳ ಬರ್ಬಾರ್ದು." ಸಾರಿನ ಪಾತ್ರೆ ಅವರ ಸೊಂಟ ಏರಿತು. ಅದರ ಜಾಗಕ್ಕೆ ತಣ್ಣಗಿನ ಗಂಜಿ ಬಂತು.

ಮಧ್ಯಾಹ್ನ ಗಿರಾಕಿ ಮರ್ವಾ ರಿಪೇರಿಗೆ ಕೊಟ್ಟ ತನ್ನ ಮಿಕ್ಸಿ ಕೇಳಿಕೊಂಡು ಬಂದಳು. ಸಂಜೆ ಅವಳ ಮನೆಗೆ ನೆಂಟರು ಬರುವವರಿದ್ದರು. ಅವಳ ಮಿಕ್ಸಿ ಯಾರ ಮಂಚದಡಿಯಲ್ಲಿದೆಯೆಂದು ಸರ್ವೋತ್ತಮನಿಗೇ ಗೊತ್ತಿರಲಿಲ್ಲ.

"ರಿಪೇರಿಗೆ ಕೊಟ್ಟದ್ದನ್ನು ಮಾರಿ ತಿಂದ್ರಾ?" ಎಂದು ಅವಳು ಓಣಿಗೆಲ್ಲ ಕೇಳುವಂತೆ ಕೇಳಿ ಹೋದಳು.

"ಸಾಕು, ನನಗೆ ಸ್ಕೂಟರೂ ಬೇಡ, ಎಂತದೂ ಬೇಡ. ಸಾಮಾನು ವಾಪಸು ತನ್ನಿ!" ಸರ್ವೋತ್ತಮ ಅರಚಿದ.

"ಹಸಿವಿನ ಸಿಟ್ಟು, ಒಳ್ಳೆದೇ," ಎಂದರು ಚೆನ್ನಪ್ಪಣ್ಣ. "ಮುಖ ಹೀಗೇ ಇಟ್ಕೊ." ಹೋಗುವಾಗ ಕಬೀರ್ ಅವನ ಅಲ್ಯುಮಿನಿಯಂ ಊರುಗೋಲನ್ನೂ ಎತ್ತಿಕೊಂಡ. ಅದು ಬಹಳ ಹೊಳೆಯುತ್ತಿತ್ತಂತೆ.

ಅಕ್ಷಿತಾ ಬಂದಾಗ ಬರಿ ನೆಲದ ಮೇಲೆ ಸರ್ವೋತ್ತಮ ದಡಕ್ಕೆ ಬಿದ್ದ ಮೀನಿನ ಹಾಗೆ ಕೂತಿದ್ದ. ಅವಳು ಎದುರಿಗೆ ಕೂತು ಟ್ಯಾಬ್ ತೆರೆದಳು. ಕಸುಬು ಎಂತ, ಅಕ್ಕಿಗೆ ಖರ್ಚು ಎಷ್ಟು, ಮದ್ದಿಗೆ ಎಷ್ಟು, ಕರೆಂಟಿಗೆ ಎಷ್ಟು ಎಂದು ಕೇಳಿ ಬರೆದುಕೊಂಡಳು. "ಓಡಾಟಕ್ಕೆ?"

ಸ್ಕೂಟರ್ ಎಷ್ಟು ಅಗತ್ಯವೆಂದು ತಿಳಿಯಲಿ ಎಂದು ಸರ್ವೋತ್ತಮ ಆಟೋದ ಖರ್ಚನ್ನು ಚಿಲ್ಲರೆ ಸಮೇತ ಹೇಳಿದ. ಟ್ಯಾಬ್ ಟುಂಯ್ ಅಂದಿತು.

"ನೀವು ಬಡವರಲ್ಲ ಸರ್," ಎಂದಳು ಅಕ್ಷಿತಾ.

"ಮನೆ ಒಮ್ಮೆ ನೋಡಿ ಮೇಡಂ! ಎಂತ ಉಂಟು ಇಲ್ಲಿ?"

"ಮನೆ ಸಾಮಾನು ನಾವು ನೋಡುದೇ ಇಲ್ಲ. ಖರ್ಚು ಮಾತ್ರ. ಇಷ್ಟು ಖರ್ಚು ಮಾಡುವವರು ಬಡವರ ಲೆಕ್ಕಕ್ಕೆ ಬರುದಿಲ್ಲ."

"ಕಾಲು ಸರಿ ಇಲ್ಲ ಅಂತ ಆಟೋ, ಆಟೋ ಹತ್ತಿದ್ದಕ್ಕೆ ನಾನು ಶ್ರೀಮಂತ. ಅಲ್ವಾ?"

ಅಕ್ಷಿತಾಳಿಗೂ ಪಾಪ ಅನಿಸಿತು. "ಒಂದು ದಾರಿ ಉಂಟು ಸರ್. ಆಟೋ ನಿಮ್ಮ ಕಸುಬಿಗೆ ಬೇಕಾದದ್ದು ಅಂತ ಆದ್ರೆ ಆ ಖರ್ಚು ಕಳೀತೇನೆ. ಆಗ ಬಡವರೇ. ಕಸುಬಿನ ಗುರುತಿಗೆ ಒಂದು ಫೋಟೋ ಸಾಕು. ಮಿಕ್ಸಿ ರಿಪೇರಿ ಅಂದ್ರಲ್ವಾ? ಒಂದು ಮಿಕ್ಸಿ ತೋರಿಸಿ."

ಸರ್ವೋತ್ತಮ ಎದ್ದೇಳಲು ಊರುಗೋಲಿಗೆ ಕೈ ಚಾಚಿದ. ಗಾಳಿ ಸಿಕ್ಕಿತು. ಕೂತಲ್ಲಿಂದಲೇ ಬೊಬ್ಬೆ ಹೊಡೆದ. "ಚೆನ್ನಪ್ಪಣ್ಣಾ! ಒಂದು ಮಿಕ್ಸಿ ತನ್ನಿ, ಬೇಗ!"

ಕಂಪೌಂಡಿನ ಮೇಲೆ ತಲೆ ಎದ್ದಿತು. ಇದು ಸರ್ವೆಯವಳ ಪರೀಕ್ಷೆಯೆಂದು ಚೆನ್ನಪ್ಪಣ್ಣನಿಗೆ ಖಾತ್ರಿಯಾಗಿತ್ತು. "ಯಾವ ಮಿಕ್ಸಿ? ಹಸಿವಿಗೆ ಇವನಿಗೆ ಎಂತೆಂತದೋ ಕಾಣ್ತದೆ ಮೇಡಂ. ಪಾಪ, ಮಿಕ್ಸಿ ಮುಟ್ಟಿದವನೇ ಅಲ್ಲ!"

"ಸ್ವರ್ಣಲತಕ್ಕಾ! ನೀವಾದ್ರೂ ತನ್ನಿ!"

ಎದುರು ಮನೆಯಲ್ಲಿ ಸರ್ವೋತ್ತಮ ರಿಪೇರಿ ಮಾಡಿಟ್ಟಿದ್ದ ಮಿಕ್ಸಿ ಗುರ್ರೆಂದು ಮಸಾಲೆ ಅರೆಯುತ್ತಿತ್ತು. ಅದು ಸರಕ್ಕನೆ ನಿಂತಿತು. ಬಳಿಕ ಕಿಟಕಿಯೂ ಮುಚ್ಚಿತು.

ಅಕ್ಷಿತಾ ನಿಟ್ಟುಸಿರು ಬಿಟ್ಟು ಬರಿ ಕೋಣೆಯ ಫೋಟೋ ತೆಗೆದಳು. "ಕಸುಬು ಇಲ್ಲ" ಎಂದು ಒತ್ತಿ ಹೊರಟಳು.

ಅವಳು ಗೇಟು ದಾಟಿದ್ದೇ ತಡ, ಮೂವರೂ ಗೆದ್ದ ಟೀಮಿನ ಹಾಗೆ ಒಳಗೆ ನುಗ್ಗಿದರು. "ಹೇಗೆ? ಸ್ಕೂಟರ್ ಯಾವಾಗ?"

ಸರ್ವೋತ್ತಮ ನಡೆದದ್ದನ್ನು ಹೇಳಿದ.

"ಛೆ, ಮೊದಲೇ ಹೇಳ್ಬಾರ್ದಾ ಮಾರಾಯ," ಎಂದರು ಚೆನ್ನಪ್ಪಣ್ಣ.

"ನನ್ನ ಸಾಮಾನು," ಹಲ್ಲು ಕಚ್ಚಿ ಹೇಳಿದ ಸರ್ವೋತ್ತಮ. "ಈಗಲೇ."

ಕಬೀರ್ ತಲೆ ತುರಿಸಿದ. "ತರ್ತೇನೆ ಅಣ್ಣ. ನಾಲ್ಕು ಟ್ರಿಪ್ಪು ಆದೀತು. ಬಾಡಿಗೆ ಎಂತ ಬೇಡ, ಗ್ಯಾಸಿಗೆ ಕೊಡಿ, ಸಾಕು."

ಮರ್ವಾಳ ಬೈಗುಳ ಇನ್ನೂ ಕಿವಿಯಲ್ಲಿತ್ತು. ಸರ್ವೋತ್ತಮ ಜೇಬಿನಿಂದ ನೋಟು ತೆಗೆದು ಕಬೀರನ ಕೈಗೆ ತುರುಕಿದ. ಬಾಗಿಲಲ್ಲಿ ಯಾರೋ ಕೆಮ್ಮಿದರು.

"ಸಾರಿ ಸರ್, ನಿಮ್ಮ ಸಹಿ ಬಾಕಿ ಆಯ್ತು," ಎಂದಳು ಅಕ್ಷಿತಾ. ಅವಳ ಕಣ್ಣು ನೋಟಿನಿಂದ ಹೊರಗೆ ನಿಂತ ಆಟೋದ ಕಡೆ ಹೋಯಿತು. ಟ್ಯಾಬ್ ಮತ್ತೆ ತೆರೆಯಿತು. "ಆಟೋ ಖರ್ಚು ನೀವು ಕಮ್ಮಿ ಹೇಳಿದ್ದೀರಿ ಸರ್. ಇದನ್ನೂ ಸೇರಿಸ್ತೇನೆ, ಆಯ್ತಾ?"