ಎರಡು ಚುಕ್ಕೆ ಎದುರುಬದುರು

ಸ್ಪ್ಯಾನರ್ ಎತ್ತಿಕೊಡಲು ಬಂದ ಮಾತ್ರಕ್ಕೆ ಎಂಜಿನ್ ಕಟ್ಟಲು ಬರುತ್ತದೆಯೇ? ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಹದಿನೆಂಟು ವರ್ಷ, ನಮ್ಮ ಯಜಮಾನರು ಕಾರಿನ ಕೆಳಗಿಂದ ಕೈ ಚಾಚಿದಾಗಲೆಲ್ಲ ಸ್ಪ್ಯಾನರ್ ಕೊಟ್ಟವಳು ನಾನು. ಹದಿಮೂರು ಅಂದರೆ ಹದಿಮೂರು, ಹದಿನೇಳು ಅಂದರೆ ಹದಿನೇಳು. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ತಪ್ಪಿದ ನಾನು ಈ ಅಂಕಿಗಳಲ್ಲಿ ಒಮ್ಮೆಯೂ ತಪ್ಪಿದವಳಲ್ಲ!

ಅವರು ಹೋಗಿ ವರ್ಷವಾಯಿತು. ಹೋಗುವ ಹಿಂದಿನ ವಾರ ತಮ್ಮ ಹಳೆಯ ಬಿಳಿ ಕಾರಿಗೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರು. ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಉದ್ದನೆಯ ಕೋಲು ಅದು. "ಈ ಹೊಸಾದು ಕೂತ್ಕೊಳ್ಲಿ, ಆಮೇಲೆ ನೋಡು ಗಾಡಿ ಏರು ಹತ್ತೋ ಗತ್ತು" ಎಂದಿದ್ದರು. ಉಳಿದದ್ದು ಅದನ್ನು ತಿರುಗಿಸುವ ಎರಡು ಹೊಸ ಗೇರು, ಅವೆರಡನ್ನೂ ಬಳಸಿ ಸುತ್ತುವ ಟೈಮಿಂಗ್ ಚೈನು. ಅಷ್ಟರಲ್ಲಿ ಎದೆನೋವು ಬಂತು. ಕಾರು ಮುಂಭಾಗ ಬಿಚ್ಚಿಕೊಂಡು ಕೊಬ್ಬರಿ ಅಟ್ಟದ ಕೆಳಗೆ ಹಾಗೇ ನಿಂತಿತು. ನಾನೂ ಹೆಚ್ಚುಕಡಿಮೆ ಹಾಗೇ ನಿಂತೆ.

ಹೋದ ತಿಂಗಳು ಮೈದುನ ಬಸವರಾಜು ಬಂದು ತಲೆ ಕೆರೆದುಕೊಂಡ. "ಅತ್ತಿಗೆ, ಸೋಮವಾರ ಗುಜರಿಯೋರು ಬತ್ತಾರೆ. ಸುಮ್ಕೆ ಜಾಗ ತಿಂತಾ ನಿಂತದೆ ಗಾಡಿ."

"ಭಾನುವಾರದೊಳಗೆ ಸ್ಟಾರ್ಟ್ ಆದ್ರೆ?"

"ಯಾರು ಮಾಡೋರು?"

"ನಾನು."

ಬಸವರಾಜು ಮರ್ಯಾದಸ್ಥ. ಆ ಕಡೆ ತಿರುಗಿ ನಕ್ಕ. "ಆಯ್ತು, ಸ್ಟಾರ್ಟ್ ಆದ್ರೆ ಗಾಡಿ ನಿಮ್ದೇ ಬುಡಿ" ಎಂದ.

ಆ ಎಂಜಿನ್ನಿನ ಸದ್ದು ತೋಟದ ತಿರುವಿನಲ್ಲಿ ಕೇಳುತ್ತಿದ್ದಂತೆ ನಮ್ಮತ್ತೆ "ಮಗ ಬಂದ" ಎಂದು ಕಾಫಿಗೆ ನೀರಿಡಲು ಏಳುತ್ತಿದ್ದರು. ಕಬ್ಬಿಣವನ್ನು ಗುಜರಿಗೆ ಕೊಡಬಹುದು. ಆ ಸದ್ದನ್ನು ಕೊಡಲು ನನಗೆ ಮನಸ್ಸಿರಲಿಲ್ಲ.

ಕಾರ್ಯಾರಂಭವಾಯಿತು. ಡಬ್ಬಿ ತೆರೆದರೆ ಗೇರು ಎರಡೂ ಇವೆ, ಚೈನು ಇಲ್ಲ! ಮಂಚದ ಕೆಳಗೆ, ರಾಗಿ ಮೂಟೆ ಹಿಂದೆ, ಕೊನೆಗೆ ಸಾಸಿವೆ ಡಬ್ಬಿಯಲ್ಲೂ ಹುಡುಕಿದೆ.

"ಏನೇ ಗಿರಿಜಾ, ಬೆಳಗಿಂದ ತಡಕಾಡ್ತಿದ್ದೀಯ?" ಎಂದರು ಅತ್ತೆ.

"ಚೈನು ಅತ್ತೆ. ಇವರು ತಂದಿಟ್ಟಿದ್ದು."

"ಆ ದಪ್ಪ ಬಳೆ ಥರದ್ದಾ? ಅಟ್ಟದ ಬಾಗಿಲು ನಿಲ್ತಿರ್ಲಿಲ್ಲ ಕಣೇ. ಚಿಲಕದ ಬದ್ಲು ಸಿಗಾಕಿದೀನಿ. ಏನ್ ಗಟ್ಟಿ ಅಂತೀಯಾ!"

ಒಂದು ವರ್ಷದಿಂದ ನಮ್ಮ ಟೈಮಿಂಗ್ ಚೈನು ತೆಂಗಿನಕಾಯಿ ಕಾಯುತ್ತಿತ್ತು. ಬಿಡಿಸಿಕೊಂಡು, ಅದರ ಜಾಗದಲ್ಲಿ ನಾರಿನ ಹಗ್ಗ ಕಟ್ಟಿದೆ. "ನಾರು ನಿಲ್ಲಕಿಲ್ಲ ಕಣೇ" ಎಂದರು ಅತ್ತೆ. ತಾಂತ್ರಿಕ ಕೆಲಸದಲ್ಲಿದ್ದ ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇವರ ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿತ್ತು: 'ಗೇರಿನ ಚುಕ್ಕೆ ಎರಡೂ ಎದುರುಬದುರು ಬರಲಿ, ಆಮೇಲೆ ಚೈನು.' ಗೇರು ತಿರುಗಿಸಿ ನೋಡಿದೆ. ಒಂದೊಂದರ ಮೇಲೂ ದುಂಡಗೆ ಒಂದೊಂದು ಕೆಂಪು ಚುಕ್ಕೆ! ಎಂಥ ಅಚ್ಚುಕಟ್ಟಿನ ಮನುಷ್ಯ! ಹೆಂಡತಿಯ ಕಣ್ಣಿಗೆ ಸುಲಭವಾಗಲಿ ಎಂದು ಬಣ್ಣ ಹಚ್ಚಿಟ್ಟು ಹೋಗಿದ್ದಾರಲ್ಲ! ಗ್ರೀಸು ಕೈಯಲ್ಲೇ ಕಣ್ಣೊರೆಸಿಕೊಂಡೆ. ನನ್ನ ಮುಖ ನೋಡಿ ಅತ್ತೆ "ಅಯ್ಯೋ ಶಿವನೇ!" ಎಂದು ಕೂಗಿದರು.

ಗೇರು ಎರಡನ್ನೂ ಕೂರಿಸಿ ಚುಕ್ಕೆಗೆ ಚುಕ್ಕೆ ಸೇರಿಸಿದೆ. ಚೈನು ಹಾಕಿದೆ. ಮುಚ್ಚಳ ಬಿಗಿದು, ರೇಡಿಯೇಟರ್ ಕೂರಿಸಿ, ಬ್ಯಾಟರಿ ಚಾರ್ಜ್ ಮಾಡಿಸಿ, ನೀರು ತುಂಬುವಷ್ಟರಲ್ಲಿ ಮೂರು ದಿನ ಕಳೆದವು.

ಶನಿವಾರ ಲೋಕಾರ್ಪಣೆ. ಬಸವರಾಜು ಅಟ್ಟದ ಕೆಳಗೆ ಕೈಕಟ್ಟಿ ನಿಂತ. ಅತ್ತೆ ಕಾಯಿ, ಕರ್ಪೂರ ಹಿಡಿದು ಬಂದರು. ನಾನು ಕೀ ತಿರುಗಿಸಿದೆ. ಎಂಜಿನ್ ಅಸ್ತಮಾ ರೋಗಿಯಂತೆ ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದೆ.

ಢಂ!

ಕಾರಿನ ಮೂತಿಯಿಂದ ಹೊಗೆ ಎದ್ದಿತು. ಆ ಅದುರಿಗೆ ನಾರಿನ ಹಗ್ಗ ಹರಿಯಿತು, ಅಟ್ಟದ ಬಾಗಿಲು ತೆರೆಯಿತು, ವರ್ಷದಿಂದ ಒಣಗುತ್ತಿದ್ದ ಕಾಯಿಗಳೆಲ್ಲ ಗುಡುಗುಡು ಇಳಿದು ಬಂದವು. ಅವುಗಳಲ್ಲಿ ಒಂದಕ್ಕೆ ಬಸವರಾಜುವಿನ ಹೆಬ್ಬೆರಳು ಇಷ್ಟವಾಯಿತು.

"ಅಯ್ಯಯ್ಯೋ ಕಾಲು!"

"ನಾರು ನಿಲ್ಲಕಿಲ್ಲ ಅಂತ ನಾನ್ ಬಡ್ಕೊಂಡೆ!" ಎಂದರು ಅತ್ತೆ, ಕರ್ಪೂರ ಹಿಡಿದೇ. ದನಿಯಲ್ಲಿ ಜಯಘೋಷವಿತ್ತು.

"ಸೋಮವಾರ ಬೆಳಿಗ್ಗೆ ಲಾರಿ ಬತ್ತದೆ ಅತ್ತಿಗೆ" ಎಂದು ಬಸವರಾಜು ಕುಂಟುತ್ತ ಹೋದ.

ನನ್ನ ಪ್ರತಿಷ್ಠೆ ಆ ಹೊಗೆಯ ಜೊತೆಗೇ ಹೋಗಿತ್ತು. ಭಾನುವಾರ ತಿಪಟೂರಿನಿಂದ ಬಾಷಾ ಸಾಬರನ್ನು ಕರೆಸಿದೆ. ಇವರ ಗೆಳೆಯರು, ನಲವತ್ತು ವರ್ಷದ ಮೆಕ್ಯಾನಿಕ್ಕು.

"ಚುಕ್ಕೆ ಸೇರ್ಸಿದ್ರಾ ಅಕ್ಕಾ?"

"ಸರಿಯಾಗಿ ಸೇರಿಸಿದೀನಿ. ಇವರೇ ಕೆಂಪು ಬಣ್ಣ ಹಚ್ಚಿಟ್ಟಿದ್ರು" ಎಂದೆ ಹೆಮ್ಮೆಯಿಂದ.

ಸಾಬರು ಮುಚ್ಚಳ ಬಿಚ್ಚಿದರು. ಕನ್ನಡಕ ಏರಿಸಿದರು. ಚುಕ್ಕೆಯನ್ನು ಬೆರಳಲ್ಲಿ ಉಜ್ಜಿದರು, ಮೂಸಿದರು. ಬಹಳ ಮೆಲ್ಲಗೆ, "ಅಕ್ಕಾ, ಇದು ಬಣ್ಣ ಅಲ್ಲ. ಕುಂಕುಮ" ಎಂದರು.

ಆಯುಧಪೂಜೆ! ಅಂದು ಪಂಪಿಗೆ, ಮಚ್ಚಿಗೆ, ಈಳಿಗೆಮಣೆಗೆ ಕುಂಕುಮ ಇಟ್ಟಾದ ಮೇಲೆ, ಇವರಿದ್ದಿದ್ದರೆ ಮೊದಲ ಪೂಜೆ ಇವುಗಳಿಗೇ ಆಗುತ್ತಿತ್ತು ಎಂದು ಡಬ್ಬಿ ತೆರೆದು, ಗೇರಿಗೂ ಒಂದೊಂದು ಬೊಟ್ಟು ಇಟ್ಟವಳು ನಾನೇ. ಕಣ್ಣು ತುಂಬಿತ್ತು. ಎಲ್ಲಿ ಇಟ್ಟೆನೆಂದು ನೋಡಿರಲಿಲ್ಲ. ಗೇರಿಗೆ ಸವರಿದ್ದ ಎಣ್ಣೆಯಲ್ಲಿ ನೆನೆದು ಅದು ಬಣ್ಣದಂತೆ ಗಟ್ಟಿಯಾಗಿತ್ತು. ನಿಜವಾದ ಚುಕ್ಕೆ ಮೂರು ಹಲ್ಲು ಆಚೆಗೆ, ಎಳ್ಳುಕಾಳಿನಷ್ಟು ಸಣ್ಣ ಗುಳಿಯಾಗಿ ಸುಮ್ಮನೆ ಕೂತಿತ್ತು.

"ಚುಕ್ಕೆ ತಪ್ಪಿದ್ರೆ ವಾಲ್ವು ಹೊತ್ತಿಗೆ ಸರಿಯಾಗಿ ತೆರೆಯಲ್ಲ, ಅದಕ್ಕೇ ಢಂ ಅಂದಿದ್ದು. ವಾಲ್ವು ಬಗ್ಗಿಲ್ಲ, ನಿಮ್ಮ ಪುಣ್ಯ" ಎಂದರು ಸಾಬರು.

"ಪೂಜೆ ಮಾಡಿದ್ದೂ ನೀನೇ, ಮೋಸ ಹೋಗಿದ್ದೂ ನೀನೇ!" ಎಂದು ಅತ್ತೆ ಕಂಬ ಹಿಡಿದುಕೊಂಡು ನಕ್ಕರು. ಮಗ ಹೋದ ಮೇಲೆ ಅವರು ನಕ್ಕದ್ದು ಅಂದೇ. ಆ ನಗುವಿಗಾಗಿ ಇನ್ನೂ ನಾಲ್ಕು ಗೇರು ಕೆಡಿಸಬಹುದಿತ್ತು.

ಸಾಬರು ತೋರಿಸಿದರು, ನಾನು ಸರಿಯಾದ ಚುಕ್ಕೆಗಳನ್ನು ಎದುರುಬದುರು ಮಾಡಿ ಚೈನು ಹಾಕಿದೆ. ಸಂಜೆ ಕೀ ತಿರುಗಿಸಿದೆ. ಒಂದು ಕೆಮ್ಮು. ಆಮೇಲೆ ಅದೇ ಸದ್ದು. ಅವರು ಹೇಳಿದಂತೆಯೇ, ಸ್ವಲ್ಪ ಹೆಚ್ಚೇ ಗತ್ತಿನದು. ಅತ್ತೆ ಎದ್ದು ಕಾಫಿಗೆ ನೀರಿಡಲು ಹೋದರು.

ಬಸವರಾಜು ಕುಂಟಿಕೊಂಡೇ ಓಡಿ ಬಂದ. "ಸೋತೆ ಅತ್ತಿಗೆ! ಗುಜರಿಯೋರಿಗೆ ಬರಬೇಡಿ ಅಂತೀನಿ. ಎಲ್ಲಿ, ಒಂದು ರೌಂಡು ಹೊಡೀರಿ ನೋಡಾಣ!"

ನಾನು ಗಂಭೀರವಾಗಿ ಸ್ಟೇರಿಂಗ್ ಹಿಡಿದೆ. ಬೆನ್ನು ನೆಟ್ಟಗೆ ಮಾಡಿದೆ. ಆಗ ನೆನಪಾಯಿತು.

ನನಗೆ ಕಾರು ಓಡಿಸಲು ಬರುವುದಿಲ್ಲ!

ಈಗ ದಿನಾ ಬೆಳಿಗ್ಗೆ ದಬ್ಬೇಘಟ್ಟದ ದಾರಿಯಲ್ಲಿ ಕಲಿಯುತ್ತಿದ್ದೇನೆ. ಪಕ್ಕದಲ್ಲಿ ಬಸವರಾಜು, ಇಲ್ಲದ ಬ್ರೇಕನ್ನು ಎರಡೂ ಕಾಲಲ್ಲಿ ಒತ್ತುತ್ತ ಕೂತಿರುತ್ತಾನೆ. ಕಾರಿನ ಹಿಂದೆ ಕೆಂಪಗೆ ಎಲ್ ಎಂದು ಬರೆಸಿದೆ. ಉಗುರಲ್ಲಿ ಕೆರೆದು ನೋಡಿದ್ದೇನೆ. ಬಣ್ಣವೇ.