ಬಲಗಿವಿಯಲ್ಲಿ ಕೂತ ಗೊಂಬೆ ಟೋಪಿ

ನಾನು ಓಡಲು ಶುರುಮಾಡಿದ್ದು ಆರೋಗ್ಯದ ಮೇಲಿನ ಪ್ರೀತಿಯಿಂದಲ್ಲ. ಬಿಡದಿಯ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ ಎಂಟು ವರ್ಷ ಕಂಟ್ರಾಕ್ಟ್ ಮೇಲೆ ತಗಡು ಒತ್ತಿದ ನಂತರ ನನ್ನ ಹೆಸರು ಖಾಯಂ ಆಗುವವರ ಪಟ್ಟಿಗೆ ಬಂದಿತ್ತು. ಉಳಿದದ್ದು ಮೆಡಿಕಲ್ ಒಂದೇ. ಮೊದಲ ಸಲ ಹೋದಾಗ ಕಂಪನಿ ಡಾಕ್ಟರು ನನ್ನ ಬಿ.ಪಿ. ನೋಡಿದರು, ಹೊಟ್ಟೆ ನೋಡಿದರು, ಮತ್ತೆ ಬಿ.ಪಿ. ನೋಡಿ ಒಂದು ತಿಂಗಳ ಗಡುವು ಕೊಟ್ಟರು. ಎರಡನೇ ಸಲವೂ ಫೇಲಾದರೆ ಪಟ್ಟಿಯಿಂದ ಹೆಸರು ಹೋಗುತ್ತದೆ ಎಂದು ಆಫೀಸಿನವರು ನಗುನಗುತ್ತಲೇ ತಿಳಿಸಿದರು. ಮಾರನೆಯ ಬೆಳಿಗ್ಗೆಯಿಂದಲೇ ನಾನು ಚನ್ನಪಟ್ಟಣದ ಮನೆಯಿಂದ ಬೈರಾಪಟ್ಟಣದ ದಾರಿ ಹಿಡಿದು ಓಡತೊಡಗಿದೆ.

ಓಡುವುದು ಕಷ್ಟವಲ್ಲ. ಉತ್ತರ ಹೇಳುವುದು ಕಷ್ಟ! ನಮ್ಮ ಕಡೆ ದೊಡ್ಡ ಮನುಷ್ಯ ಸುಮ್ಮಸುಮ್ಮನೆ ಓಡುವುದಿಲ್ಲ. ಡೈರಿಗೆ ಹಾಲು ಹೊತ್ತು ಹೊರಟವರೆಲ್ಲ ನಿಂತು, ಯಾರಿಗೇನಾಯಿತು ಎಂದು ಕೇಳುತ್ತಿದ್ದರು. ಒಬ್ಬರು ಬೈಕ್ ನಿಲ್ಲಿಸಿ ಆಸ್ಪತ್ರೆಗೆ ಬಿಡಲೇ ಎಂದರು. ಒಬ್ಬ ಅಜ್ಜ ನನ್ನ ಹಿಂದೆ ನಾಯಿ ಇದೆಯೇ ಎಂದು ಬಗ್ಗಿ ನೋಡಿ, ಇಲ್ಲದ್ದು ಕಂಡು ಬೇಸರಪಟ್ಟುಕೊಂಡ. ಒಂದೊಂದು ಉತ್ತರಕ್ಕೂ ನಿಲ್ಲಬೇಕು, ನಿಂತರೆ ಹೊಟ್ಟೆ ಕರಗುವುದಿಲ್ಲ. ಇದಕ್ಕೆ ಒಂದೇ ದಾರಿ, ಕಿವಿ ಮುಚ್ಚಿಕೊಳ್ಳುವುದು. ನನ್ನ ಮೊಬೈಲಿನಲ್ಲಿ ಹಾಡು ಬರುತ್ತಿತ್ತು. ಇಯರ್‌ಫೋನ್ ಒಂದು ಕೊಂಡರಾಯಿತು.

ತಗಡಿನ ಅಳತೆಯಲ್ಲಿ ಕೂದಲೆಳೆ ತಪ್ಪದವನಿಗೆ ಇಯರ್‌ಫೋನ್ ಆರಿಸುವುದು ಯಾವ ಲೆಕ್ಕ? ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ ಇದ್ದುದರಲ್ಲಿ ಅಗ್ಗದವನ್ನೆಲ್ಲ ಹರವಿಸಿದೆ. ಒಂದನ್ನು ಕಿವಿಗೆ ತುರುಕಿ, ಅಂಗಡಿ ಮುಂದೆಯೇ ಹತ್ತು ಸಲ ಕುಪ್ಪಳಿಸಿದೆ. ಜನ ಸೇರಿದರು. ಅಂಗಡಿಯವನು ಬಲು ಸಮಾಧಾನದ ಮನುಷ್ಯ.

"ಓಡಕ್ಕಾದ್ರೆ ಕಿವಿ ಮೇಲೆ ಕೊಕ್ಕೆ ಬರ್ತದಲ್ಲ, ಅದು ತಗಳಿ ಸಾ. ಬೀಳಕಿಲ್ಲ" ಎಂದ.

ಕೊಕ್ಕೆಯದನ್ನು ಹಾಕಿ ಕನ್ನಡಿ ನೋಡಿದೆ. ಕಿವಿಗೆ ಮಷೀನು ಹಾಕಿಕೊಳ್ಳುವ ನಮ್ಮ ದೊಡ್ಡಪ್ಪನೇ ಕಂಡ! ಬೇಡವೆಂದೆ. ಸಾದಾ ಇಯರ್‌ಫೋನೇ ಸಾಕು ಎಂದು ಕೊಂಡು ತಂದೆ. ಪ್ಯಾಕೆಟ್ಟಿನೊಳಗೆ ಚಿಕ್ಕವು, ದೊಡ್ಡವು ಎಂದು ಇಯರ್‌ಫೋನಿನ ತುದಿಗೆ ಸಿಕ್ಕಿಸುವ ಇನ್ನೂ ಎರಡು ಜೊತೆ ರಬ್ಬರ್ ಟೋಪಿಗಳಿದ್ದವು. ಬೇರೆ ಯಾವುದೋ ಮಾಡೆಲ್ಲಿನವು ತಪ್ಪಿ ಬಂದಿವೆ ಎಂದು ತೀರ್ಮಾನಿಸಿ ಕಸಕ್ಕೆ ಎಸೆದೆ. ಅವು ಅವರವರ ಕಿವಿಯ ಅಳತೆಗೆಂದು ಕೊಟ್ಟವು ಎಂಬುದು ಕಸದ ಗಾಡಿ ಹೋದ ಮೇಲೆ ಗೊತ್ತಾಯಿತು.

ಎಡಗಿವಿಯದು ಕೂತಿತು. ಬಲಗಿವಿಯದು ನೂರು ಹೆಜ್ಜೆಗೊಮ್ಮೆ ಉದುರಿತು. ಅದು ಉದುರಿದ ಕಡೆಯೇ ಯಾರಾದರೂ ನಿಂತಿದ್ದು, ಯಾರಿಗೇನಾಯಿತು ಎನ್ನುತ್ತಿದ್ದರು. ಹತ್ತಿ ಸುತ್ತಿದೆ, ಟೇಪು ಅಂಟಿಸಿದೆ, ಹೆಂಡತಿಯ ತಲೆಬಟ್ಟೆ ಬಿಗಿದುಕೊಂಡೆ. ಆ ದಿನ ನಿಜಕ್ಕೂ ಮನೆಯಲ್ಲಿ ಸಾವಾಗಿದೆ ಎಂದೇ ಊರವರು ನಂಬಿದರು. ಕೊನೆಗೊಂದು ದಿನ ಬಲಗಿವಿಯ ರಬ್ಬರ್ ಟೋಪಿಯೇ ಚರಂಡಿ ಪಾಲಾಯಿತು. ಮೆಡಿಕಲ್‌ಗೆ ಐದೇ ದಿನ ಉಳಿದಿತ್ತು.

ಆಗ ನನಗೆ ಎದುರುಮನೆ ಮುನೀರಣ್ಣ ಕಂಡರು. ಮೂವತ್ತು ವರ್ಷದಿಂದ ಮನೆಯ ಲೇತಿನಲ್ಲಿ ಮರ ತಿರುಗಿಸಿ ಬೊಂಬೆ ಕಡೆಯುವವರು. ಕಡ್ಲೆಕಾಳಿನಷ್ಟು ಬೊಂಬೆಗೂ ಟೋಪಿ ಮಾಡುವವರಿಗೆ ನನ್ನ ಕಿವಿ ಯಾವ ದೊಡ್ಡದು? ಬೆಂಕಿಕಡ್ಡಿಯಿಂದ ನಾನೇ ಕಿವಿಯ ಅಳತೆ ತೆಗೆದು ಕೊಟ್ಟೆ. ಅವರು ನಡುವೆ ತೂತಿಟ್ಟು, ಮೇಲೆ ಕೆಂಪು ಅರಗು ಹಿಡಿಸಿ, ಮುದ್ದಾದ ಟೋಪಿಯೊಂದನ್ನು ಕೈಗಿಟ್ಟರು.

"ಬಣ್ಣ ಮೇಲ್ಗಡೆ ಮಾತ್ರ ಹಿಡಿದೈತೆ. ತೂತಿನ ಒಳಗೆ ಬರೀ ಮರ. ನೀರು, ಬೆವರು ತಗುಲಿಸ್ಬ್ಯಾಡಿ" ಎಂದರು.

ಬೆವರುವುದಕ್ಕೆಂದೇ ಓಡುವವನು ತಲೆಯಾಡಿಸಿದೆ. ನಾಲ್ಕು ದಿನ ಅದು ಕದಲಲಿಲ್ಲ. ಯಾರು ಏನು ಕೇಳಿದರೋ ದೇವರಿಗೇ ಗೊತ್ತು. ಬಿ.ಪಿ. ಇಳಿಯುತ್ತಿರುವುದು ನನ್ನ ಮೈಗೇ ತಿಳಿಯುತ್ತಿತ್ತು.

ಮೆಡಿಕಲ್ ದಿನ ಬೆಳಿಗ್ಗೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಕೊನೆಯದಾಗಿ ಒಂದು ಸುತ್ತು ಎಂದು ದುಪ್ಪಟ್ಟು ದೂರ ಓಡಿ, ನೀರಲ್ಲಿ ಮುಳುಗಿ ಎದ್ದವನಂತೆ ಬೆವತು ಮನೆಗೆ ಬಂದು ವೈರು ಎಳೆದೆ. ಇಯರ್‌ಫೋನ್ ಬಂತು. ಟೋಪಿ ಬರಲಿಲ್ಲ.

ಒಂಟಿ ಕಾಲಲ್ಲಿ ಕುಣಿದೆ. ಮಂಚದಿಂದ ತಲೆ ಇಳಿಬಿಟ್ಟೆ. ಹೆಂಡತಿ ಸುಜಾತ ಬರುವಷ್ಟರಲ್ಲಿ, ಸಡಿಲವಾಗಲಿ ಎಂದು ಒಂದು ಲೋಟ ಬೆಚ್ಚನೆಯ ನೀರನ್ನೂ ಕಿವಿಗೆ ಹೊಯ್ದುಕೊಂಡಿದ್ದೆ.

"ಮಳೇಲಿ ಬಾಗ್ಲು ಊದ್ಕಂಡು ಬಿಗಿಯಾಗೋದ್ನ ವರ್ಷ ವರ್ಷಾನೂ ನೋಡ್ತೀರಿ. ಮರಕ್ಕೆ ಹೋಗಿ ನೀರು ಕುಡಿಸಿದ್ದೀರಲ್ಲ" ಎಂದಳು.

ಅದು ಎಡಗಿವಿಗೆ ಸ್ಪಷ್ಟವಾಗಿ ಕೇಳಿಸಿತು. ಬಲಗಿವಿಗೆ ಕೇಳಿಸಲಿಲ್ಲ. ಆಗ ನೆನಪಾಯಿತು. ಪ್ರೆಸ್ ಶಾಪಿನವರ ಮೆಡಿಕಲ್‌ನಲ್ಲಿ ಕಿವಿ ಪರೀಕ್ಷೆಯೂ ಉಂಟು!

ಮುನೀರಣ್ಣ ಟಾರ್ಚ್ ಹಿಡಿದು ಬಂದರು. ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಮರುಕಕ್ಕಿಂತ ಹೆಮ್ಮೆಯೇ ಹೆಚ್ಚಿದ್ದಂತೆ ಕಂಡಿತು.

"ಕೂತಿರೋದೇನೋ ಚೆನ್ನಾಗೇ ಕೂತೈತೆ. ಲೇತಿಗೆ ಕಟ್ಟಿದ್ರೆ ಎರಡು ನಿಮಿಷದಲ್ಲಿ ತೆಗೀಬೋದು. ತಲೆ ಕಟ್ಟಕ್ಕಾಗಲ್ವಲ್ಲ."

ಬಸ್ಸಿಗೆ ಹೊತ್ತಾಗಿತ್ತು. ದಾರಿಯುದ್ದಕ್ಕೂ ಕಿವಿಯೊಳಗೆ ನನ್ನದೇ ಎದೆಬಡಿತ. ಎಂಟು ವರ್ಷದಿಂದ ಸುಜಾತ ನನ್ನ ಕೆಲಸ ಖಾಯಂ ಆಗಲೆಂದು ಕಾದಿದ್ದಳು. ಅದಕ್ಕೇ ಬಿಡದಿ ಬರುವಷ್ಟರಲ್ಲಿ ಒಂದು ಕೆಟ್ಟ ಉಪಾಯವನ್ನು ಗಟ್ಟಿ ಮಾಡಿಕೊಂಡೆ. ಹೇಳುವುದೇ ಬೇಡ, ಕೇಳಿಸಿದಂತೆ ನಟಿಸಿಬಿಡೋಣ.

ಕಿವಿ ಪರೀಕ್ಷೆಯ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ತಲೆಗೆ ದೊಡ್ಡ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗ ಒತ್ತಬೇಕು. ಗಾಜಿನ ಆಚೆ ಮಷೀನಿನ ಮುಂದೆ ಒಬ್ಬ ಹೆಣ್ಣುಮಗಳು. ಎಡಗಿವಿ ಸಲೀಸಾಗಿ ಮುಗಿಯಿತು. ಬಲಗಿವಿಯ ಸರದಿ ಬಂದಾಗ ನಾನು ಆಕೆಯ ಭುಜದ ಮೇಲೆಯೇ ಕಣ್ಣಿಟ್ಟೆ. ಭುಜ ಅಲುಗಿದರೆ ಸದ್ದು ಬಿಟ್ಟಿದ್ದಾಳೆಂದು ಅರ್ಥ. ಒತ್ತಿದೆ. ಮತ್ತೆ ಅಲುಗಿತು, ಮತ್ತೆ ಒತ್ತಿದೆ. ಹನ್ನೊಂದು ಸಲ ಒತ್ತಿದ ಮೇಲೆ ಆಕೆ ಬಾಗಿಲು ತೆಗೆದು ಒಳಗೆ ಬಂದಳು.

"ಸರ್, ಬಲಗಡೆಗೆ ನಾನಿನ್ನೂ ಸೌಂಡೇ ಕೊಟ್ಟಿಲ್ಲ. ಫಾರಂ ಬರೀತಿದ್ದೆ."

ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದೆ. ಓಟ, ಹಾಲಿನವರು, ಕೊಕ್ಕೆ, ಮುನೀರಣ್ಣ, ಒಂದು ಲೋಟ ನೀರು. ಅವರು ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಕೇಳಿಸದೇ ಇದ್ದದ್ದನ್ನ ಕೇಳಿಸ್ತು ಅಂತೀರಲ್ಲ, ನಿಮ್ಮನ್ನ ಪ್ರೆಸ್ ಹತ್ರ ಹೆಂಗ್ರೀ ನಿಲ್ಲಿಸಲಿ? ಸೈರನ್ ಹೊಡೆದಾಗ ನೀವು ಪ್ರೆಸ್ ನಿಲ್ಲಿಸ್ದೆ ಪಕ್ಕದವನ ಕೈ ಹೋದ್ರೆ?" ಎಂದರು.

ಅಷ್ಟು ಹೊತ್ತು ನನ್ನ ಹೆಸರು ಪಟ್ಟಿಯಲ್ಲಿ ಉಳಿಯಲಿ ಎಂದು ಮಾತ್ರ ಯೋಚಿಸಿದ್ದೆ, ಪಕ್ಕದವನ ಕೈ ನೆನಪಾಗಿರಲಿಲ್ಲ. ನಾಚಿಕೆಯಾಯಿತು. ತಪ್ಪಾಯಿತು ಎಂದು ಹೇಳಿ ತಲೆ ತಗ್ಗಿಸಿದೆ. ತಗ್ಗಿದ ತಲೆಯನ್ನು ಡಾಕ್ಟರು ಹಾಗೆಯೇ ಓರೆ ಮಾಡಿ, ಸಣ್ಣ ಕೊಕ್ಕೆ ಹಾಕಿ, ಉಸಿರು ಬಿಡಬೇಡಿ ಎಂದು ಎಳೆದರು. ಟಪ್ಪೆಂದಿತು. ಜಗತ್ತಿನ ಫ್ಯಾನೆಲ್ಲ ಒಮ್ಮೆಗೇ ತಿರುಗಿದ ಸದ್ದಾಯಿತು!

ಒಂದು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಬಿ.ಪಿ. ನೋಡಿದರು, ಕಿವಿ ಪರೀಕ್ಷೆಯನ್ನು ಮೊದಲಿಂದ ಮಾಡಿಸಿದರು. ಈ ಸಲ ನಾನು ಕಣ್ಣು ಮುಚ್ಚಿ ಕೂತು, ಕೇಳಿಸಿದ್ದಕ್ಕೆ ಮಾತ್ರ ಒತ್ತಿದೆ. ಎರಡರಲ್ಲೂ ಪಾಸು. ಮೆಡಿಕಲ್‌ನ ಕಾಗದ ನೋಡಿ ಸುಜಾತ ಅತ್ತಳು, ಆಮೇಲೆ ಕಾಗದವನ್ನು ಪೂರ್ತಿ ಓದಿ ಬಿದ್ದು ಬಿದ್ದು ನಕ್ಕಳು.

ಹಿಂದಿನ ಕಾಯಿಲೆಗಳು ಎಂಬ ಕಾಲಂ ಒಂದಿದೆ. ಬೇರೆಯವರದರಲ್ಲಿ ಸಕ್ಕರೆ, ಉಬ್ಬಸ, ಹರ್ನಿಯಾ ಎಂದು ಗೌರವಾನ್ವಿತ ಕಾಯಿಲೆಗಳಿವೆ. ನನ್ನದರಲ್ಲಿ, 'ಬಲಗಿವಿಯಲ್ಲಿ ಮರದ ಗೊಂಬೆಯ ಭಾಗ, ತಾನೇ ಹಾಕಿಕೊಂಡದ್ದು' ಎಂದಿದೆ. ವರ್ಷಕ್ಕೊಮ್ಮೆ ಮೆಡಿಕಲ್ ಆಗುತ್ತದೆ. ಪ್ರತಿ ಸಲ ಹೊಸ ಡಾಕ್ಟರೊಬ್ಬರು ಆ ಸಾಲು ಓದುತ್ತಾರೆ, ನನ್ನ ವಯಸ್ಸಿನ ಕಾಲಂ ನೋಡುತ್ತಾರೆ, ವಯಸ್ಸು ತಪ್ಪಾಗಿ ಬಿದ್ದಿದೆ ಎಂದು ಹೊರಗೆ ಕೂಗಿ, ಮಗುವನ್ನು ಒಳಗೆ ಕಳಿಸಿ ಎನ್ನುತ್ತಾರೆ. ನಾನು ಕೈ ಎತ್ತುತ್ತೇನೆ.