ಡಬ್ಬಿ ಡಾಕ್ಟರ ತಾಳೆ ಪರೀಕ್ಷೆ

ಆಡಿಟರ್ ಆಫೀಸಿನಲ್ಲಿ ಕೂತು "ಅಯ್ಯೋ, ಹೊಂದ್ತಾನೇ ಇಲ್ವಲ್ಲ!" ಅಂತ ಜೋರಾಗಿ ಹೇಳಬಾರದು. ಹೇಳಿದರೆ ಏನಾಗುತ್ತದೆ ಎಂಬುದನ್ನು ಡಬ್ಬಿ ಡಾಕ್ಟರ್ ಆ ದಿನ ಕಲಿತ. ಪಾಪ, ಕಲಿಯುವ ಹೊತ್ತಿಗೆ ಬಾಯಿ ಬಿಟ್ಟಾಗಿತ್ತು.

ಡಬ್ಬಿ ಡಾಕ್ಟರ್ ಎಂದರೆ ಆ ಆಫೀಸಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವನು. ಕೆಟ್ಟ ಡಬ್ಬಿಯನ್ನು ಬಿಚ್ಚಿ, ಧೂಳು ಊದಿ, ನಾಲ್ಕು ತಟ್ಟಿ ಮುಚ್ಚಿದರೆ ಅದು ಎದ್ದು ಕೂರುತ್ತಿತ್ತು, ಅದಕ್ಕೇ ಆ ಹೆಸರು. ಹೆಸರು ಕಾಯಂ ಆಗಿತ್ತು, ಕೆಲಸ ಆಗಿರಲಿಲ್ಲ. ಕಾಯಂ ಪತ್ರ ತೋರಿಸದ ಗಂಡಸಿಗೆ ಯಾವ ಮಾಲೀಕನೂ ಬಾಡಿಗೆ ಮನೆ ಕೊಡುತ್ತಿರಲಿಲ್ಲವಾದ್ದರಿಂದ, ಮದುವೆಯಾದಾಗಿನಿಂದ ಗಂಡ ಹೆಂಡತಿ ಮಾವನ ಮನೆಯ ಹಾಲಿನಲ್ಲಿ, ಸೋಫಾದ ಹಿಂದೆ ಹಾಸಿಗೆ ಬಿಡಿಸಿಕೊಂಡು ಮಲಗುತ್ತಿದ್ದರು. ಮಾವನಿಗೋ ಟೀವಿ ನೋಡುತ್ತ ನೋಡುತ್ತ ಆ ಸೋಫಾದ ಮೇಲೇ ನಿದ್ದೆ ಹೋಗುವ ಚಟ. ಹೊಸ ದಂಪತಿಗಳ ಪಾಡನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ಇವತ್ತು ನಿಮ್ಮಾಫೀಸಿನ ಯಜಮಾನ್ರು ಪತ್ರಕ್ಕೆ ಸೈನ್ ಹಾಕ್ತಾರೆ ತಾನೇ?" ಬೆಳಿಗ್ಗೆ ಹೆಂಡತಿ ಬಾಗಿಲ ಮರೆಯಲ್ಲಿ ಪಿಸುಗುಟ್ಟಿದ್ದಳು. "ನೋಡ್ರೀ, ಪತ್ರ ಇಲ್ದೆ ಬಂದ್ರೆ ನೀವು ನಮ್ಮಪ್ಪನ ಪಕ್ಕದಲ್ಲೇ ಮಲಕ್ಕೊಳ್ಳಿ. ನಾನು ಅಮ್ಮನ ರೂಮಿಗೆ ಹೋಗ್ತೀನಿ."

ಸೈನಿಗೆ ಒಂದು ಷರತ್ತಿತ್ತು, ಆ ಷರತ್ತು ಹುಟ್ಟಿದ್ದು ಹಿಂದಿನ ವಾರ. ಹೊಸ ಆಪರೇಟಿಂಗ್ ಸಿಸ್ಟಮ್ಮನ್ನು ಇಡಿಯಾಗಿ ಗಂಟು ಕಟ್ಟಿಟ್ಟ ದೊಡ್ಡ ಫೈಲು ಇರುತ್ತದಲ್ಲ, ಇಮೇಜ್ ಫೈಲು, ಅದನ್ನು ಇಳಿಸಿಕೊಂಡ ನಮ್ಮ ಡಾಕ್ಟರ್ ಹಿಂದೆ ಮುಂದೆ ನೋಡದೆ ಯಜಮಾನರ ಕಂಪ್ಯೂಟರಿಗೆ ತುರುಕಿದ್ದ. ಗಂಟು ದಾರಿಯಲ್ಲೇ ಹರಿದಿತ್ತು. ಭಾರೀ ಗಿರಾಕಿಯೊಬ್ಬರು ಎದುರಿಗೆ ಕೂತಿದ್ದಾಗಲೇ ಕಂಪ್ಯೂಟರ್ ಮುಖ ಕಪ್ಪು ಮಾಡಿಕೊಂಡು ಪ್ರಾಣ ಬಿಟ್ಟಿತು.

ಯಜಮಾನರು ಅಂದರೆ ಆಫೀಸಿನ ದೊಡ್ಡ ಆಡಿಟರು. ಅವರು ಕೂಗಾಡಲಿಲ್ಲ. ಕನ್ನಡಕ ಒರೆಸಿಕೊಂಡು, "ಫೈಲು ಸರಿಯಾಗಿ ಬಂದಿದೆಯೋ ಇಲ್ವೋ ಅಂತ ನೋಡೋಕೆ ಏನೂ ದಾರಿ ಇಲ್ವೇನ್ರೀ?" ಎಂದು ಕೇಳಿದರು.

"ಇದೆ ಸಾರ್. ವೆಬ್‌ಸೈಟಿನಲ್ಲಿ ಒಂದು ಉದ್ದನೆ ಸಂಖ್ಯೆ ಕೊಟ್ಟಿರ್ತಾರೆ. ನಮ್ಮ ಫೈಲಿಂದಲೂ ಕಂಪ್ಯೂಟರ್ ಒಂದು ಸಂಖ್ಯೆ ತೆಗೆಯುತ್ತೆ. ಎರಡೂ ಒಂದೇ ಆದ್ರೆ ಫೈಲು ಸರಿ. ಎಲ್ರೂ ಅದನ್ನ ನೋಡ್ದೇ ಬಿಟ್ಬಿಡ್ತಾರೆ ಸಾರ್."

"ಎರಡು ಕಡೆ ಸಂಖ್ಯೆ ಇತ್ತು. ನೀವು ತಾಳೆ ನೋಡ್ಲಿಲ್ಲ. ನನ್ನ ಆಫೀಸಿನಲ್ಲಿ ಕೂತು!" ಯಜಮಾನರ ದನಿ, ದೇವಸ್ಥಾನಕ್ಕೆ ಚಪ್ಪಲಿ ಹಾಕಿಕೊಂಡು ಬಂದವನನ್ನು ಕಂಡವರ ಹಾಗಿತ್ತು. "ಮುಂದಿನ ವಾರ ಹೊಸ ಫೈಲು ತರ್ಸಿ. ತಾಳೆ ನೋಡಿ ನನಗೆ ಒಪ್ಸಿ. ಎಲ್ಲಾ ಕಂಪ್ಯೂಟರಿಗೂ ಹಾಕಿ. ಆಮೇಲೆ ನಿಮ್ಮ ಪತ್ರ."

ಆ ಮುಂದಿನ ವಾರವೇ ಈ ದಿನ. ಡಾಕ್ಟರ್ ಬೇಗ ಬಂದು ಫೈಲು ಇಳಿಸಿಕೊಂಡ, ಸಂಖ್ಯೆ ತೆಗೆದ, ವೆಬ್‌ಸೈಟಿನ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿದ. ಮೊದಲ ಅಕ್ಷರದಿಂದಲೇ ಅದು ಪೂರ್ವಕ್ಕೆ ಹೋದರೆ ಇದು ಪಶ್ಚಿಮಕ್ಕೆ. ಆಗಲೇ ಅವನ ಬಾಯಿಂದ ಆ ಹಾಳು ಮಾತು ಬಿದ್ದದ್ದು.

ಆಫೀಸಿನ ತಲೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಹೊಂದದ ಲೆಕ್ಕವೆಂದರೆ ಆ ಜನಕ್ಕೆ ಬೆಕ್ಕಿಗೆ ಹಾಲಿನ ಪಾತ್ರೆ ಸದ್ದಾದಂತೆ. ಎಲ್ಲರಿಗಿಂತ ಮೊದಲು ಸ್ಕೇಲು, ಕೆಂಪು ಪೆನ್ನು ಹಿಡಿದು ಬಂದವಳು ತಾಳೆ ಅಕ್ಕ. ಹೊಂದದ ಲೆಕ್ಕವನ್ನು ಹೊಂದಿಸುವುದರಲ್ಲಿ ಆಫೀಸಿನಲ್ಲೇ ಅವಳ ಕೈ ಮೇಲು.

"ಎಷ್ಟು ವ್ಯತ್ಯಾಸ ಡಾಕ್ಟ್ರೇ?"

"ಎಷ್ಟು ಅಂತ ಇಲ್ಲ ಅಕ್ಕ. ಪೂರ್ತಿ ಬೇರೆ."

"ಪೂರ್ತಿ ಬೇರೆ ಅಂತ ಎಲ್ಲಾದ್ರೂ ಇರುತ್ತಾ? ಎಲ್ಲೋ ಒಂದು ಎಂಟ್ರಿ ಎರಡು ಸಲ ಬಿದ್ದಿರುತ್ತೆ. ಪ್ರಿಂಟ್ ಕೊಡಿ ಇಲ್ಲಿ." ಪ್ರಿಂಟ್ ಕಿತ್ತುಕೊಂಡು ನೋಡಿದ ಅಕ್ಕನ ಹುಬ್ಬು ಗಂಟಾಯಿತು. "ಇದೇನ್ರೀ, ಅಂಕಿ ಮಧ್ಯೆ ಅಕ್ಷರ ಬಂದು ಕೂತಿದೆ! ಯಾವ ಪುಣ್ಯಾತ್ಮ ಬರೆದಿದ್ದು?"

"ಅದು ಇರೋದೇ ಹಾಗೆ ಅಕ್ಕ. ಫೈಲಿನ ಹೆಬ್ಬೆಟ್ಟಿನ ಗುರುತು ಅಂದ್ಕೊಳ್ಳಿ. ಒಳಗೆ ಒಂದು ಚುಕ್ಕೆ ಆಚೀಚೆ ಆದ್ರೂ ಇಡೀ ಗುರುತೇ ಬದಲಾಗ್ಬಿಡುತ್ತೆ."

"ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊತೀರಾ?" ಎನ್ನುತ್ತ ಸಸ್ಪೆನ್ಸ್ ಮಾವ ಕುರ್ಚಿಯನ್ನೇ ಉರುಳಿಸಿಕೊಂಡು ಬಂದರು. ಆಫೀಸಿನ ಹಿರಿಯ ಗುಮಾಸ್ತರು ಅವರು, ಆಫೀಸಿನವರಿಗೆಲ್ಲ ಮಾವ. ಯಾವ ಲೆಕ್ಕ ಹೊಂದದಿದ್ದರೂ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಯೆಂಬ ಗುಂಡಿಗೆ ತಳ್ಳಿ ಕೈ ತೊಳೆದುಕೊಳ್ಳುತ್ತಿದ್ದರು. "ಹೊಂದಿದಷ್ಟು ಹಾಕ್ರಿ. ಮಿಕ್ಕಿದ್ದು ಸಸ್ಪೆನ್ಸಿಗೆ ಹೋಗ್ಲಿ. ಮುಂದಿನ ವರ್ಷ ನೋಡ್ಕೊಂಡ್ರಾಯ್ತು."

"ಮಾವ, ಅರ್ಧ ಸಿಸ್ಟಮ್ ಹಾಕಿ ಅರ್ಧ ಮುಂದಿನ ವರ್ಷ ಹಾಕೋಕಾಗಲ್ಲ!"

"ಯಾಕಾಗಲ್ಲ? ನಮ್ಮ ಗಿರಾಕಿಗಳೆಲ್ಲ ಹಾಗೇ ನಡೀತಿಲ್ವಾ?"

ಡಾಕ್ಟರ್ ಅವರಿಬ್ಬರನ್ನು ಬಿಟ್ಟು ಫೈಲಿನ ಅಳತೆ ನೋಡಿದ. ಇರಬೇಕಾದ್ದಕ್ಕಿಂತ ಸಣ್ಣದಿತ್ತು. ಅಂದರೆ ಇಳಿಯುತ್ತಿರುವಾಗಲೇ ಎಲ್ಲೋ ತುಂಡಾಗಿದೆ. ಕಣ್ಣು ಹಾಯಿಸಿದರೆ ಗೋಡೆಯ ಪ್ಲಗ್ಗಿನಲ್ಲಿ ಮೋಡೆಮ್ಮಿನ ಜಾಗದಲ್ಲಿ ಮಾವನ ಫೋನು ಚಾರ್ಜ್ ಆಗುತ್ತಿದೆ!

"ಮಾವ! ಇಂಟರ್ನೆಟ್ ಕಿತ್ತಿದ್ದು ನೀವಾ?"

"ಅದೇನು ದೀಪ ಮಿಣಕ್ ಮಿಣಕ್ ಅಂತಿತ್ತಪ್ಪ. ಸುಮ್ನೆ ಕರೆಂಟು ದಂಡ ಅಂತ ತೆಗೆದೆ."

ಡಾಕ್ಟರಿಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಗೋಡೆಯ ಬಳಿ ಹೋಗಿ ಮೋಡೆಮ್ಮಿಗೆ ಮತ್ತೆ ಜೀವ ಕೊಟ್ಟು ಬಂದು, ಹರಿದ ಫೈಲನ್ನು ಅಳಿಸಿಹಾಕಿ, ಹೊಸದಾಗಿ ಇಳಿಸಲು ಹಚ್ಚಿದ. "ಇದು ಮುಗಿಯೋವರೆಗೂ ಯಾರೂ ಇಂಟರ್ನೆಟ್ ಮುಟ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಗೋಗರೆದ. ಆದರೂ ಒಬ್ಬರು ಹವಾಮಾನ ನೋಡಿದರು, ಇನ್ನೊಬ್ಬರು ತಂಗಿಯ ಮಗುವಿನ ವೀಡಿಯೊ ನೋಡಿದರು, ಮಾವ ಮತ್ತೊಂದು ಸಲ ಪ್ಲಗ್ಗಿನ ಕಡೆ ಕೈ ಚಾಚಿದರು. ಕಡೆಗೆ ಡಾಕ್ಟರ್ ಸ್ಟೂಲು ಹಾಕಿಕೊಂಡು ಮೋಡೆಮ್ಮಿನ ಪಕ್ಕವೇ ಕೂತ. ಊಟಕ್ಕೂ ಏಳಲಿಲ್ಲ. ಅಷ್ಟರಲ್ಲಿ ಹೆಂಡತಿಯ ಫೋನು.

"ಏನ್ರೀ, ಆಯ್ತಾ?"

"ಆಗ್ತಾ ಇದೆ ಕಣೇ, ಕಾವಲು ಕೂತಿದೀನಿ."

"ಕಂಪ್ಯೂಟರ್ ಕೆಲಸ ಅಂದ್ರಿ, ಕಾವಲಿಗೆ ಯಾವಾಗ ಸೇರಿದ್ರಿ?"

ಅವನು ಫೋನು ಜೇಬಿಗಿಡುತ್ತಿರುವಾಗಲೇ ತಾಳೆ ಅಕ್ಕ ನಗುನಗುತ್ತ ಬಂದು ಒಂದು ಹಾಳೆ ಮುಂದೆ ಹಿಡಿದಳು. ಎರಡು ಸಾಲು ಸಂಖ್ಯೆ, ಒಂದರ ಕೆಳಗೆ ಒಂದು. ಎರಡೂ ಅಚ್ಚು ಒತ್ತಿದಂತೆ ಒಂದೇ.

"ತಗೊಳ್ಳಿ. ಹೊಂದಿಸಿಟ್ಟಿದೀನಿ. ಮೇಲಿನ ಸಾಲನ್ನೇ ಕೆಳಗೂ ಟೈಪ್ ಮಾಡಿದೆ. ಹೋಗಿ ಸೈನ್ ಹಾಕಿಸ್ಕೊಳ್ಳಿ."

ನಿಜ ಹೇಳಬೇಕೆಂದರೆ ಡಾಕ್ಟರಿಗೆ ಆಸೆಯಾಯಿತು. ಹಾಳೆ ಹಿಡಿದು ನಾಲ್ಕು ಹೆಜ್ಜೆ ಹೋದರೆ ಪತ್ರ, ಪತ್ರ ಸಿಕ್ಕರೆ ಮನೆ, ಮನೆಗೆ ಬಾಗಿಲು, ಬಾಗಿಲಿಗೆ ಒಳಗಿಂದ ಚಿಲಕ! ಆದರೆ ಹಿಂದಿನ ವಾರ ಕಪ್ಪಾದ ಆ ಪರದೆ ಕಣ್ಣಿಗೆ ಕಟ್ಟಿತು. ಈ ಸಲ ಹಾಗಾದರೆ ಒಂದಲ್ಲ, ಆಫೀಸಿನ ಎಲ್ಲಾ ಡಬ್ಬಿಗಳೂ ಸಾಲಾಗಿ ಸಾಯುತ್ತವೆ.

"ಬೇಡ ಅಕ್ಕ. ಕಾಗದ ಹೊಂದಿದ್ರೆ ಸಾಲ್ದು, ಫೈಲು ಹೊಂದ್ಬೇಕು."

ಅಕ್ಕನ ಮುಖ ಊದಿಕೊಂಡಿತು. "ಇಷ್ಟು ವರ್ಷದಿಂದ ಹೊಂದಿಸ್ತಾ ಬಂದಿದೀನಿ. ಒಬ್ಬರೂ ಬೇಡ ಅಂದಿರ್ಲಿಲ್ಲ. ಒಳ್ಳೇದಕ್ಕೆ ಕಾಲ ಇಲ್ಲ ಬಿಡಿ" ಎಂದು ಹಾಳೆಯನ್ನು ಚೂರು ಚೂರು ಮಾಡಿ ಬುಟ್ಟಿಗೆಸೆದು ಹೋದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಫೈಲು ಪೂರ್ತಿ ಬಂತು. ಡಾಕ್ಟರ್ ಸಂಖ್ಯೆ ತೆಗೆದ. ಪಕ್ಕಕ್ಕಿಟ್ಟ. ಮೊದಲ ಅಕ್ಷರ ಹೊಂದಿತು. ಎರಡನೆಯದು ಹೊಂದಿತು. ಬೆರಳು ಪರದೆಯ ಮೇಲೆ ತೆವಳುತ್ತ ತೆವಳುತ್ತ ಕೊನೆಯ ಅಕ್ಷರಕ್ಕೆ ಬಂತು. ಅದೂ ಹೊಂದಿತು! "ಹೊಂದ್ತು! ಎಲ್ಲಾ ಹೊಂದ್ತು!" ಎಂದು ಅವನು ಸ್ಟೂಲಿನಿಂದ ನೆಗೆದ ರಭಸಕ್ಕೆ ಮಾವನ ಕಾಫಿ ಮಾವನ ಅಂಗಿಯ ಮೇಲಾಯಿತು. ಹೆಂಡತಿಗೆ ಫೋನ್ ಮಾಡಿ, "ಮನೆ ನೋಡೋಕೆ ಶುರು ಮಾಡು" ಅಂತ ಒಂದೇ ಮಾತು ಹೇಳಿ ಇಟ್ಟ. ಆಮೇಲೆ ಪ್ರಿಂಟ್ ಹಿಡಿದು ಯಜಮಾನರ ಕೋಣೆಗೆ ನುಗ್ಗಿದ.

ಯಜಮಾನರು ಪ್ರಿಂಟನ್ನು ಬೆಳಕಿಗೆ ಹಿಡಿದು ನೋಡಿದರು. ಸ್ಕೇಲಿಟ್ಟು ನೋಡಿದರು. ತಿರುಗಿಸಿ ಹಿಂಭಾಗವನ್ನೂ ನೋಡಿದರು.

"ವ್ಯತ್ಯಾಸ?"

"ಏನೂ ಇಲ್ಲ ಸಾರ್."

"ಒಂದೂ ಇಲ್ಲ?"

"ಒಂದೇ ಒಂದು ಅಕ್ಷರದ ವ್ಯತ್ಯಾಸವೂ ಇಲ್ಲ ಸಾರ್!"

ಯಜಮಾನರು ಗಂಟೆ ಒತ್ತಿ ತಾಳೆ ಅಕ್ಕನನ್ನು ಕರೆಸಿದರು. ಅವಳ ಹಿಂದೆಯೇ, ಯಾರೂ ಕರೆಯದಿದ್ದರೂ, ಒದ್ದೆ ಅಂಗಿಯ ಮಾವನೂ ಬಂದರು.

"ಬೆಳಿಗ್ಗೆ ಇದು ಹೊಂದಿತ್ತೇನಮ್ಮ?"

"ಎಲ್ಲಿ ಸಾರ್? ಒಂದು ಅಕ್ಷರಾನೂ ಹೊಂದಿರ್ಲಿಲ್ಲ. ನಾನು ಹೊಂದಿಸಿ ಕೊಡ್ತೀನಿ ಅಂದ್ರೆ ಬೇಡ ಅಂದ್ರು." ಅಕ್ಕ ಪ್ರಿಂಟನ್ನು ಓರೆಗಣ್ಣಿನಿಂದ ನೋಡಿ ನಿಟ್ಟುಸಿರು ಬಿಟ್ಟಳು. "ಈಗ ಅವರೇ ಕೂತು ಹೊಂದಿಸ್ಕೊಂಡಿದಾರೆ ಅಂತ ಕಾಣುತ್ತೆ. ಪರವಾಗಿಲ್ಲ, ಚೆನ್ನಾಗೇ ಮಾಡಿದಾರೆ."

"ಅಯ್ಯೋ, ಹೊಂದಿಸಿದ್ದಲ್ಲ ಸಾರ್, ತಾನಾಗೇ ಹೊಂದಿದ್ದು! ಬೇಕಾದ್ರೆ ನಿಮ್ಮೆದುರಿಗೇ ಇನ್ನೊಂದು ಸಲ ತೆಗೆದು ತೋರಿಸ್ತೀನಿ. ಕಂಪ್ಯೂಟರೇ ಲೆಕ್ಕ ಹಾಕೋದು."

"ಕಂಪ್ಯೂಟರ್ ಯಾರ ಕೈಯಲ್ಲಿದೆ?"

"ನನ್ನ ಕೈಯಲ್ಲೇ ಸಾರ್..."

"ಅದೇ ನಾನು ಹೇಳಿದ್ದು." ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ ಡಾಕ್ಟ್ರೇ, ತಲೆ ಕೂದಲು ಉದುರೋವರೆಗೂ ಲೆಕ್ಕ ನೋಡಿದೀನಿ. ನಿಜವಾದ ಲೆಕ್ಕ ಯಾವತ್ತೂ ಪೂರ್ತಿ ಹೊಂದಿದ್ದನ್ನ ನಾನು ಕಂಡಿಲ್ಲ. ಎಲ್ಲೋ ಒಂದು ಕಡೆ ಇಷ್ಟಾದ್ರೂ ಉಳಿದೇ ಉಳಿಯುತ್ತೆ. ಹೀಗೆ ಒಂದಕ್ಷರ ಬಿಡದೆ ಹೊಂದೋದು ಕಳ್ಳ ಲೆಕ್ಕ ಮಾತ್ರ."

"ಸಾರ್, ಇದು ಹೊಂದಿದ್ರೇನೇ ಸರಿ ಸಾರ್!"

"ಕಳ್ಳರೆಲ್ಲ ಅದನ್ನೇ ಹೇಳೋದು. ನಿಮ್ಮನ್ನ ಕೆಲಸದಿಂದ ತೆಗೀತಿಲ್ಲ, ಹೆದರ್ಬೇಡಿ. ಬೆಳಿಗ್ಗೆ ಹೊಂದಿಲ್ಲ ಅಂತ ನೀವೇ ಬಾಯಿ ಬಿಟ್ಟು ಕೂಗಿದ್ರಂತಲ್ಲ, ಅದು ಪ್ರಾಮಾಣಿಕತೆ. ಈ ಫೈಲು ಬೇಡ. ಆ ಬೆಳಗಿನ ಫೈಲನ್ನೇ ಎಲ್ಲಾ ಕಂಪ್ಯೂಟರಿಗೂ ಹಾಕಿ. ನಾಳೆ ಬೆಳಿಗ್ಗೆ ಎಲ್ಲಾ ಸರಿಯಾಗಿ ಎದ್ರೆ ಪತ್ರಕ್ಕೆ ಸೈನ್ ಹಾಕ್ತೀನಿ."

ಡಾಕ್ಟರಿಗೆ ಕೊನೆಯ ಉಪಾಯವೊಂದು ಹೊಳೆಯಿತು. "ಹಾಕ್ಬಹುದಿತ್ತು ಸಾರ್. ಆದ್ರೆ ಆ ಫೈಲನ್ನ ಆಗ್ಲೇ ಅಳಿಸ್ಬಿಟ್ಟೆನಲ್ಲ!"

"ಅಳಿಸಿದ್ರೇನಾಯ್ತು?" ಮಾವ ಒದ್ದೆ ಜೇಬಿಗೆ ಕೈ ಹಾಕಿ ಪೆನ್‌ಡ್ರೈವ್ ತೆಗೆದರು. ಅವರ ಮುಖದಲ್ಲಿ ಉಪಕಾರ ಮಾಡಿದವನ ಕಳೆ. "ನೀವು ಅಳಿಸೋಕೆ ಮುಂಚೆ, ಪ್ಲಗ್ ಸರಿ ಮಾಡೋಕೆ ಗೋಡೆ ಹತ್ರ ಹೋಗಿದ್ರಲ್ಲ, ಆಗ್ಲೇ ಕಾಪಿ ಹಾಕ್ಕೊಂಡೆ. ನಮ್ಮಾಫೀಸಿನಲ್ಲಿ ಯಾವುದನ್ನೂ ಬಿಸಾಕೋ ಪದ್ಧತಿ ಇಲ್ಲಪ್ಪ."

ಯಜಮಾನರು ಮೆಚ್ಚಿ ತಲೆಯಾಡಿಸಿದರು. ಡಾಕ್ಟರ್ ಪೆನ್‌ಡ್ರೈವ್ ಹಿಡಿದು ಹೊರಗೆ ಬಂದು ಸ್ಟೂಲಿನ ಮೇಲೆ ಕುಸಿದ. ಫೋನು ಬಡಿದುಕೊಂಡಿತು.

"ರೀ, ಒಂದು ಮನೆ ನೋಡಿದೆ. ತುಂಬಾ ಚೆನ್ನಾಗಿದೆ. ನಾಳೆ ಪತ್ರ ತೋರ್ಸಿ ಅಂತಿದಾರೆ. ಕೈಗೆ ಬಂತಾ?"

"ನಾಳೆ ಕಂಪ್ಯೂಟರ್‌ಗಳೆಲ್ಲ ಎದ್ರೆ ಬರುತ್ತೆ ಕಣೇ."

"ಏಳ್ತಾವೆ ತಾನೇ? ಸರಿಯಾಗಿ ಪರೀಕ್ಷೆ ಮಾಡಿ ನೋಡಿದೀರಾ?"

"ಮಾಡಿದೀನಿ" ಎಂದ ಡಾಕ್ಟರ್, ಮೊದಲ ಡಬ್ಬಿಗೆ ಪೆನ್‌ಡ್ರೈವ್ ಚುಚ್ಚುತ್ತ. "ಏಳಲ್ಲ ಅನ್ನೋದು ಖಾತ್ರಿಯಾಗಿದೆ."